ಪೂಜೆಗೆ ಕೂತ ಜ್ಯಾಕ್

೧೯೫೬ರಲ್ಲಿ ನಾನು ಮುಂಬಯಿಯ ಒಂದು ಕನ್ನಡ ವಾರಪತ್ರಿಕೆಯ ವರದಿಗಾರನಾಗಿದ್ದೆ. ಉಡುಪಿ, ಮಂಗಳೂರು ಕಡೆಯಿಂದ ಬಂದು ಹೋಟೆಲು ನಡೆಸುವವರು ನಮ್ಮ ಓದುಗರಲ್ಲಿ ಬಹಳ ಮಂದಿ. ಅವರಲ್ಲಿ ಕೆಲವರು ಸೇರಿ ಆ ವರ್ಷ ಹಳೆಯ ಬಸ್ಸೊಂದನ್ನು ಕೊಂಡು ಅದನ್ನು ಓಡಾಡುವ ಮನೆಯಾಗಿ, ದವಾಖಾನೆಯಾಗಿ ಮಾಡಿಸಿದ್ದರು. ಉಪನಗರಗಳ ಆಚೆ, ರಸ್ತೆ ಮುಗಿಯುವ ಕಡೆ ಬದುಕುವವರ ಬಳಿಗೆ ಹೋಗಿ ವಾರಗಟ್ಟಲೆ ಅಲ್ಲಿಯೇ ಬೀಡು ಬಿಡುವ ವ್ಯಾನು ಅದು. ಅಂಥದನ್ನು ನಾವು ಕಂಡದ್ದು ಅದೇ ಮೊದಲು. ಕೆಲವು ದಿನ ಜೊತೆಯಲ್ಲಿದ್ದು ಬರೆಯಬೇಕೆಂದು ಸಂಪಾದಕರು ನನ್ನನ್ನು ಕಳುಹಿಸಿದರು.

ವ್ಯಾನಿನಲ್ಲಿ ಮೂವರು ವಾಸವಿದ್ದರು. ಮಂಗಳೂರಿನ ಡಾಕ್ಟರ್ ಲಲಿತಾ ರಾವ್, ವಿಜಾಪುರದ ಡ್ರೈವರ್ ಬಸಪ್ಪ, ಅಡುಗೆಗೂ ಔಷಧಿ ಕಟ್ಟಿಕೊಡುವುದಕ್ಕೂ ಉಡುಪಿಯ ವಾಸು ಭಟ್ಟರು. ಮೂವರಿಗೂ ಒಂದೊಂದು ಜವಾಬ್ದಾರಿ. ಔಷಧಿ, ಸಲೈನ್ ಬಾಟಲಿ, ಹೆರಿಗೆಯ ಸಲಕರಣೆ ಡಾಕ್ಟರರದು. ನೀರಿನ ಟ್ಯಾಂಕು, ಪ್ರೈಮಸ್ ಸ್ಟೌ, ಅದರ ಪಿನ್ನು, ಸೀಮೆಎಣ್ಣೆ, ಅಕ್ಕಿ-ಬೇಳೆ ಭಟ್ಟರದು. ಡ್ರೈವರ್ ಸೀಟಿನ ಕೆಳಗಿನ ಕಬ್ಬಿಣದ ಪೆಟ್ಟಿಗೆ ಬಸಪ್ಪನದು. ಅದರಲ್ಲಿ ವ್ಯಾನನ್ನು ಎತ್ತುವ ಜ್ಯಾಕು, ಚಕ್ರದ ನಟ್ಟು ಬಿಚ್ಚುವ ಪಾನ, ಗಾಳಿ ಪಂಪು, ಪಂಕ್ಚರ್ ಹಾಕುವ ಸಾಮಾನು ಇರುತ್ತಿದ್ದವು. ಒಬ್ಬರ ಪೆಟ್ಟಿಗೆಯನ್ನು ಇನ್ನೊಬ್ಬರು ತೆರೆದು ನೋಡುತ್ತಿರಲಿಲ್ಲ. ಹಾಗೆ ನೋಡುವುದು ಅಪನಂಬಿಕೆ ಎಂದು ಮೂವರೂ ತಿಳಿದಿದ್ದರು.

ನಾನು ಸೇರಿದ್ದು ನವರಾತ್ರಿಯಲ್ಲಿ. ಮಹಾನವಮಿಯ ದಿನ ವ್ಯಾನು ಆಂಟಾಪ್ ಹಿಲ್‌ನ ಶೆಡ್ಡಿನಲ್ಲಿತ್ತು. ಬಸಪ್ಪ ಬೆಳಿಗ್ಗೆಯೇ ಅದನ್ನು ತೊಳೆದು, ಹಿಂದೆ ಕಟ್ಟಿದ್ದ ಸ್ಟೆಪ್ನಿ ಚಕ್ರಕ್ಕೂ ಚೆಂಡುಹೂವಿನ ಮಾಲೆ ಹಾಕಿದ. ಪೆಟ್ಟಿಗೆಯ ಸಾಮಾನನ್ನೆಲ್ಲ ಎಣ್ಣೆ ಬಟ್ಟೆಯಿಂದ ಒರೆಸಿ, ಶೆಡ್ಡಿನ ಮೂಲೆಯಲ್ಲಿ ದೇವಿಯ ಪಟದ ಮುಂದೆ ಹಲಗೆಯ ಮೇಲೆ ಜೋಡಿಸಿದ. ಆಯುಧ ಪೂಜೆಯ ದಿನ ಪೂಜೆಗೆ ಇಟ್ಟ ಹತ್ಯಾರವನ್ನು ಮರುದಿನ ಮತ್ತೆ ಪೂಜೆ ಮಾಡಿಯೇ ಎತ್ತಬೇಕು. ನಡುವೆ ಕದಲಿಸುವಂತಿಲ್ಲ. ಅವನ ಮನೆತನದಲ್ಲಿ ಅದನ್ನು ಯಾರೂ ಮೀರಿರಲಿಲ್ಲ.

“ಭಟ್ರ, ನಿಮ್ಮ ತುರಿಯೋ ಮಣಿನೂ ಕೊಡ್ರಿ. ಒಂದ ದಿನ ತೆಂಗಿನಕಾಯಿಗೂ ಸೂಟಿ ಸಿಗಲಿ” ಎಂದ.

“ಕೊಡ್ತೇನೆ ಮಾರಾಯ. ಮತ್ತೆ ಸಾಂಬಾರಿಗೆ ಕಾಯಿ ಇಲ್ಲ ಅಂತ ಮುಖ ಸಣ್ಣ ಮಾಡ್ಬೇಡ” ಎಂದು ಭಟ್ಟರು ಮಣೆ, ಚೂರಿ ಎರಡನ್ನೂ ತಂದಿಟ್ಟರು.

ಬಸಪ್ಪ ಡಾಕ್ಟರರ ಕಡೆ ತಿರುಗಿದ. ಅವರು ಮೊಂಡಾದ ಒಂದು ಕತ್ತರಿಯನ್ನು ಕೊಟ್ಟರು. “ಇಷ್ಟೇ. ಉಳಿದದ್ದು ನನ್ನ ಬ್ಯಾಗಿನಲ್ಲೇ ಇರಲಿ. ಬಸುರಿಯರಿಗೆ ಹಬ್ಬ ಗೊತ್ತಾಗುವುದಿಲ್ಲ ಬಸಪ್ಪ.”

“ಒಂದರೆ ಕೊಟ್ರಲ್ಲ ಬಾಯಾರ, ಸಾಕು” ಎಂದು ಅವನು ಅದಕ್ಕೂ ಕುಂಕುಮ ಹಚ್ಚಿದ.

ಊಟಕ್ಕೆ ಮೊದಲು ಧರ್ಮಾ ಬಂದ. ಬೊರಿವಲಿಯ ಆಚೆ, ಸಮುದ್ರದ ನೀರು ನಿಲ್ಲಿಸಿ ಉಪ್ಪು ತೆಗೆಯುವ ಗದ್ದೆಗಳಲ್ಲಿ ದುಡಿಯುವ ಮರಾಠಿ ಕೂಲಿ. ವ್ಯಾನು ಹಿಂದಿನ ತಿಂಗಳು ಅವನ ವಸ್ತಿಗೆ ಹೋಗಿದ್ದಾಗ ಡಾಕ್ಟರು ಅವನ ಹೆಂಡತಿ ಸಖೂಳನ್ನು ಪರೀಕ್ಷಿಸಿ, ತೊಂದರೆಯಾದರೆ ಹೇಳಿ ಕಳಿಸು ಎಂದು ಶೆಡ್ಡಿನ ವಿಳಾಸ ಕೊಟ್ಟಿದ್ದರು. ಅವನು ಲೋಕಲ್ ರೈಲು ಹಿಡಿದು ಬಂದಿದ್ದ. “ಬಾಯಿ, ಕಾಲ್‌ಪಾಸೂನ್ ಅಡಲೀಯ್” ಎಂದಷ್ಟೇ ಹೇಳಿದ. ನಿನ್ನೆಯಿಂದ ಹೆರಿಗೆ ತಡೆದು ನಿಂತಿದೆ ಎಂದು ಅರ್ಥ.

ಡಾಕ್ಟರು ಬ್ಯಾಗು ತೆರೆದು ಒಂದೊಂದನ್ನೂ ಮುಟ್ಟಿ ನೋಡಿಕೊಂಡರು. ಭಟ್ಟರು ಟ್ಯಾಂಕಿಗೆ ನೀರು ತುಂಬಿದರು. ಬಸಪ್ಪ ದೇವಿಯ ಪಟದ ಮುಂದೆ ನಿಂತು ಕೈಮುಗಿದ. ಪೂಜೆಯ ದಿನ ಗಾಡಿಯನ್ನೂ ಹೊರಗೆ ತೆಗೆಯಬಾರದು. ಆದರೆ ಅವನು ಹಿಂಜರಿಯಲಿಲ್ಲ.

“ಎಲ್ಲ ತಯಾರುಂಟಾ?” ಎಂದು ಡಾಕ್ಟರು ಕೇಳಿದರು.

“ಗಾಡಿ ತಯಾರ್ ಐತ್ರಿ ಬಾಯಾರ.”

ಗಾಡಿ ತಯಾರಾಗಿತ್ತು ನಿಜ. ಸೀಟಿನ ಕೆಳಗಿನ ಪೆಟ್ಟಿಗೆ ಖಾಲಿಯಿತ್ತು.

ಗೋರೆಗಾಂವ್ ದಾಟಿ ಬೊರಿವಲಿ ಮುಟ್ಟುವವರೆಗೆ ಏನೂ ಆಗಲಿಲ್ಲ. ಅಲ್ಲಿಂದ ಮುಂದೆ ಉಪ್ಪಿನ ಗದ್ದೆಗಳ ನಡುವೆ ಮಣ್ಣಿನ ಏರಿ, ಒಂದು ವಾಹನಕ್ಕಷ್ಟೇ ಅಗಲ. ಅರ್ಧ ದಾರಿಯಲ್ಲಿ ಎಡಗಡೆಯ ಮುಂದಿನ ಟಯರು ಪಂಕ್ಚರ್ ಆಯಿತು. ಹಾಗೆಯೇ ಎಳೆದರೆ ವ್ಯಾನು ಗದ್ದೆಗೆ ಜಾರುವಂತಿತ್ತು. ಬಸಪ್ಪ ಕೆಳಗಿಳಿದವನು ಚಕ್ರದ ಬಳಿಗೆ ಹೋಗದೆ ಬಾಗಿಲು ಹಿಡಿದು ನಿಂತ.

“ಜ್ಯಾಕ್ ತೆಗೆ ಮಾರಾಯ, ಎಂತ ನೋಡ್ತಾ ನಿಂತೆ?” ಎಂದರು ಭಟ್ಟರು.

“ಪೂಜಿಗೆ ಕುಂತಾವ್ರಿ.”

“ಎಲ್ಲವೂ?”

“ಎಲ್ಲಾನೂ. ಗಾಡಿನ್ನ ಒಂದ ಜೀವದ ಸಲುವಾಗಿ ಹೊರಗ ತಗದೆ, ತಾಯಿ ಒಪ್ಪತಾಳ ಅಂದ್ಕೊಂಡೆ. ಅವನ್ನ ಎತ್ತಾಕ ಕೈ ಬರಲಿಲ್ರಿ.”

ಡಾಕ್ಟರು ಅವನನ್ನು ಬೈಯಲಿಲ್ಲ. ಬ್ಯಾಗು ಹಿಡಿದು ಧರ್ಮಾನ ಹಿಂದೆ ಆಗಲೇ ನಡೆಯತೊಡಗಿದ್ದರು. ಭಟ್ಟರು ಸ್ಟೌ, ಪಾತ್ರೆಗಳನ್ನು ತಲೆಯ ಮೇಲಿಟ್ಟುಕೊಂಡರು. ಸಲೈನ್ ಬಾಟಲಿಗಳ ಪೆಟ್ಟಿಗೆ ನನ್ನ ಪಾಲಿಗೆ ಬಂತು. ವ್ಯಾನು ಕೆಲವೇ ನಿಮಿಷದಲ್ಲಿ ಮುಗಿಸುತ್ತಿದ್ದ ದಾರಿ ಕಾಲ್ನಡಿಗೆಯಲ್ಲಿ ಮುಗಿಯುವಂತಿರಲಿಲ್ಲ. ಉಪ್ಪಿನ ಮೇಲೆ ಬಿದ್ದ ಬಿಸಿಲು ಕಣ್ಣು ಬಿಡಗೊಡಲಿಲ್ಲ.

ಗುಡಿಸಲಿನ ಹೊರಗೆ ಭಟ್ಟರು ನೀರು ಕುದಿಸಿದರು, ನಾನು ಬಾಟಲಿ ಒಳಗೆ ಕೊಟ್ಟೆ. ಒಳಗೆ ನಡೆದದ್ದನ್ನು ನಾನು ನೋಡಿಲ್ಲ, ಆದ್ದರಿಂದ ಬರೆಯುವುದಿಲ್ಲ. ಕೂಸು ಅಳುವ ಸದ್ದು ಬರಲಿಲ್ಲ. ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಗೆ ಬಂದು ಧರ್ಮಾನಿಗೆ ಮರಾಠಿಯಲ್ಲಿ ಹೇಳಿದರು: ಗಂಡು ಕೂಸು, ಉಳಿಯಲಿಲ್ಲ, ಸಖೂ ಬದುಕಿದ್ದಾಳೆ, ಆದರೆ ರಕ್ತ ಹೋಗಿದೆ, ಆಸ್ಪತ್ರೆಗೆ ಒಯ್ಯಬೇಕು.

ಉಪ್ಪಿನ ಗದ್ದೆಯ ಜನ ಬಿದಿರಿನ ಬೊಂಬು ಹಾಕಿ ವ್ಯಾನನ್ನು ಎತ್ತಿ ಹಿಡಿಯಲು ಸಿದ್ಧರಿದ್ದರು. ಎತ್ತಿದರೂ ನಟ್ಟು ಬಿಚ್ಚಲು ಪಾನ ಇರಲಿಲ್ಲ. ಸಖೂಳನ್ನು ಹಗ್ಗದ ಮಂಚದ ಮೇಲೆ ಮಲಗಿಸಿ ಸ್ಟೇಷನ್ನಿನವರೆಗೆ ಹೊತ್ತರು. ಏರಿಯ ಮೇಲೆ ವ್ಯಾನಿನ ಪಕ್ಕ ಮಂಚವನ್ನು ತಲೆಯ ಮೇಲೆತ್ತಿ, ಒಬ್ಬರ ಹಿಂದೊಬ್ಬರು ಮೈ ಓರೆ ಮಾಡಿ ದಾಟಬೇಕಾಯಿತು. ಹಿಂದಿನ ಸ್ಟೆಪ್ನಿಯ ಮೇಲೆ ಮಾಲೆ ಇನ್ನೂ ಬಾಡಿರಲಿಲ್ಲ. ವ್ಯಾನಿನ ಬಳಿಯೇ ಉಳಿದಿದ್ದ ಬಸಪ್ಪ ಅಲ್ಲಿಂದ ಮಂಚದ ಒಂದು ಕಾಲಿಗೆ ಹೆಗಲು ಕೊಟ್ಟ. ಸ್ಟೇಷನ್ನಿನವರೆಗೆ ಹೆಗಲು ಬದಲಿಸಲಿಲ್ಲ.

ಲೋಕಲಿನ ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಯ ಹೆಂಗಸರು ಎದ್ದು ಜಾಗ ಮಾಡಿಕೊಟ್ಟರು. ಡಾಕ್ಟರು ಒಂದು ಕೈಯಲ್ಲಿ ಬಾಟಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ನಾಡಿ ನೋಡುತ್ತ ಕೂತಿದ್ದರು. ನಾನು ಕೇಳಬೇಕಾದದ್ದನ್ನು ಕೇಳಿದೆ. ವ್ಯಾನು ನಿಲ್ಲದಿದ್ದರೆ ಕೂಸು ಉಳಿಯುತ್ತಿತ್ತೇ?

“ಗೊತ್ತಿಲ್ಲ” ಎಂದರು. ಬಾಟಲಿಯನ್ನು ಇನ್ನಷ್ಟು ಮೇಲೆತ್ತಿ, “ಗೊತ್ತಿಲ್ಲ ಅಂತಲೇ ಬರೆಯಿರಿ. ಹೆಚ್ಚು ಬೇಡ, ಕಡಿಮೆಯೂ ಬೇಡ.”

ಸಖೂ ಬದುಕಿದಳು. ನನ್ನ ವರದಿಯಲ್ಲಿ ಸಲಕರಣೆ ಶೆಡ್ಡಿನಲ್ಲಿ ಉಳಿದದ್ದನ್ನು ಬರೆದೆ, ಕೂಸು ಉಳಿಯದಿದ್ದುದನ್ನು ಬರೆದೆ, ಒಂದರಿಂದ ಇನ್ನೊಂದು ಆಯಿತೇ ಎಂದು ಡಾಕ್ಟರರಿಗೂ ತಿಳಿಯದು ಎಂದು ಬರೆದೆ. ಹಣ ಹಾಕಿದ ಹೋಟೆಲಿನವರಿಗೆ ಮೊದಲನೆಯದು ಹಿಡಿಸಲಿಲ್ಲ. ಸಂಪಾದಕರು ಒಂದು ಪದವನ್ನೂ ತೆಗೆಯಲಿಲ್ಲ.

ಪತ್ರಿಕೆ ಹೊರಬಂದ ಮೇಲೆ ಬಸಪ್ಪ ಕಚೇರಿಗೆ ಬಂದ. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ತಪ್ಪು ನನ್ನ ಮ್ಯಾಲೆ ಹಾಕಿಲ್ರಿ ನೀವು. ಹಾಕಿದ್ರ ಹಗುರ ಆಗತಿತ್ತು” ಎಂದ.

ಚಹ ತರಿಸಿದೆ. ಕುಡಿದು ಹೋದ.

ಮರುವರ್ಷ ಮಹಾನವಮಿಗೆ ನಾನು ಮತ್ತೆ ಆ ಶೆಡ್ಡಿಗೆ ಹೋದೆ. ಮೂಲೆಯಲ್ಲಿ ದೇವಿಯ ಪಟವಿರಲಿಲ್ಲ. ಅದು ವ್ಯಾನಿನೊಳಗೆ, ಡ್ರೈವರ್ ಸೀಟಿನ ಹಿಂದೆ ಮೊಳೆಗೆ ತೂಗುತ್ತಿತ್ತು. ಅದರ ಕೆಳಗೆ ಕಬ್ಬಿಣದ ಪೆಟ್ಟಿಗೆ ತೆರೆದಿತ್ತು. ಜ್ಯಾಕು, ಪಾನ, ಪಂಪು ತಮ್ಮ ತಮ್ಮ ಜಾಗದಲ್ಲಿದ್ದುಕೊಂಡೇ ಕುಂಕುಮ ಹಚ್ಚಿಸಿಕೊಂಡಿದ್ದವು. ಭಟ್ಟರೂ ತುರಿಯುವ ಮಣೆಗೆ ಇದ್ದಲ್ಲಿಯೇ ಹೂವಿಟ್ಟಿದ್ದರು. ಪೂಜೆ ಮುಗಿದ ಮೇಲೆ ಬಸಪ್ಪ ಡಾಕ್ಟರರನ್ನು ಕರೆದ.

“ಬಾಯಾರ, ಒಮ್ಮಿ ನೋಡ್ರಿ. ಎಲ್ಲಾ ಅದಾವೇನು?”

ಅವರು ಬಗ್ಗಿ ಒಂದೊಂದನ್ನೂ ನೋಡಿದರು. ಆಮೇಲೆ ತಮ್ಮ ಬ್ಯಾಗನ್ನು ತೆರೆದು ಅವನ ಮುಂದಿಟ್ಟರು.

ದೂರ ಹೋಗುವ ಗಾಡಿಯಲ್ಲಿ ಏನೇನು ಇರಬೇಕು ಎಂದು ಆಮೇಲೆ ಹಲವರು ನನ್ನನ್ನು ಕೇಳಿದ್ದಾರೆ. ನೀರು, ಸ್ಟೌ, ಔಷಧಿ, ಜ್ಯಾಕು, ಪಾನ ಎಂದು ಎಲ್ಲರೂ ಹೇಳುವುದನ್ನೇ ನಾನೂ ಹೇಳುತ್ತೇನೆ. ಹೊರಡುವ ಮೊದಲು ನಿಮ್ಮ ಪೆಟ್ಟಿಗೆಯನ್ನು ಜೊತೆಯವರ ಕೈಯಲ್ಲಿ ತೆರೆಸಿ ಎಂಬುದನ್ನು ಮಾತ್ರ ನಾನು ಕಲಿತದ್ದು ಆ ವ್ಯಾನಿನಲ್ಲಿ.