ಬಿದ್ದವರು ಏಳಬಾರದು

ಮೊನ್ನೆ ಒಲೆಯ ಮೇಲೆ ಬಟ್ಟೆಗೆ ಹಾಕುವ ಗಂಜಿ ಕಾಯಿಸುತ್ತಿದ್ದೆ. ಅದರ ಹುಳಿವಾಸನೆ ಮೂಗಿಗೆ ಬಡಿದದ್ದೇ ತಡ, ಎದುರುಮನೆ ಅತ್ತೆ ಪಕ್ಕದಲ್ಲಿ ಬಂದು ನಿಂತಂತಾಯಿತು... "ಇನ್ನೂ ಗಟ್ಟಿ ಆಗ್ಬೇಕು ಕಂದಾ, ತಿರುಗ್ಸು" ಅಂದಂತೆ.

ಮೆಟ್ಟುಪಾಳ್ಯಂ ಹತ್ತಿರದ ನಮ್ಮ ನೇಕಾರರ ಬೀದಿಗೆಲ್ಲ ಅವರು ಅತ್ತೆಯೇ. ಗಂಡ ಮಿಲಿಟರಿಯಲ್ಲಿದ್ದರು, ಗಡಿಯ ಯುದ್ಧದಲ್ಲಿ ಗುಂಡು ತಾಗಿ ಹೋದರು. ಪ್ರತಿವರ್ಷ ಗಣರಾಜ್ಯೋತ್ಸವಕ್ಕೆ ಬೀದಿಯ ಹುಡುಗರು ಶಾಲೆಯ ಮೈದಾನದಲ್ಲಿ ಆ ಯುದ್ಧವನ್ನು ಆಡಿ ತೋರಿಸುತ್ತಿದ್ದರು. ಮುರಿದ ಮಗ್ಗದ ಮರದಿಂದ ಬಂದೂಕು, ದೀಪಾವಳಿಯಲ್ಲಿ ಉಳಿದ ಪಟಾಕಿಯಿಂದ ಗುಂಡಿನ ಸದ್ದು. ಖಾಕಿ ಬಟ್ಟೆ ಒಗೆದು ಗಂಜಿ ಹಾಕುವ ಕೆಲಸ ಅತ್ತೆಯದು. ಅವರಿಗೆ ಗೊತ್ತಿದ್ದ ಗಂಜಿ ಒಂದೇ, ಮಗ್ಗದ ಹಾಸಿನ ನೂಲಿಗೆ ಹಚ್ಚುವಂಥದ್ದು. ಅದನ್ನೇ ಬಟ್ಟೆಗೂ ಬಳಿದುಬಿಡುತ್ತಿದ್ದರು. ಪ್ಯಾಂಟುಗಳು ಗೋಡೆಗೆ ಒರಗಿ ತಾವಾಗಿಯೇ ನಿಲ್ಲುತ್ತಿದ್ದವು. ಮೊಣಕಾಲು ಮಡಚಲಾರದೆ ಹುಡುಗರು ಒದ್ದಾಡಿದರೆ ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಅತ್ತೆ ಮಾತ್ರ, "ಮಿಲಿಟರಿ ಬಟ್ಟೆ ಬಗ್ಗಬಾರ್ದು" ಅನ್ನುತ್ತಿದ್ದರು.

ಒಂದು ವರ್ಷ ಆಟ ಮುಗಿಯಿತು. ಸತ್ತು ಬಿದ್ದಿದ್ದವರೆಲ್ಲ ಎದ್ದು, ಮಣ್ಣು ಕೊಡವಿ, ಕೈಕೈ ಹಿಡಿದು ಬಾಗಿದರು. ಶಿಳ್ಳೆ, ಚಪ್ಪಾಳೆ. ಅದು ಎಂದಿನ ಪದ್ಧತಿಯೇ. ಅವತ್ತು ಹೆಂಗಸರ ಸಾಲಿನಿಂದ ಅತ್ತೆ ಎದ್ದು ನಿಂತು, ಬಾಗಿದ್ದ ಹುಡುಗನೊಬ್ಬನನ್ನು ಕೇಳಿದರು.

"ನಮ್ಮ ಮನೇವ್ರು ಎದ್ದ್ ಬಂದ್ರಾ ತಂಬಿ? ನೀ ಮಾತ್ರ ಏನಕ್ಕೆ ಎದ್ದೆ?"

"ಅಯ್ಯೋ ಅತ್ತೆ, ಇದು ಆಟ ತಾನೇ?" ಅಂದರು ಸಮಿತಿಯ ಹಿರಿಯರು. ಅತ್ತೆ ಸೆರಗು ಬಿಗಿದು ಮನೆಗೆ ನಡೆದರು.

ಮರುವರ್ಷ ಯಾರೋ ದೊಡ್ಡ ಅತಿಥಿ ಬರುವವರಿದ್ದರು. ಆಟ ಮುಗಿದ ಮೇಲೆ 'ಸತ್ತ'ವರಿಗೆ ಹಾರ ಹಾಕಿ ಫೋಟೋ ತೆಗೆಸುವುದೆಂದು ಸಮಿತಿ ಠರಾಯಿಸಿತ್ತು. ಸತ್ತವರ ಹೆಸರಿನಲ್ಲಿ ಬದುಕಿದ್ದವರಿಗೆ ಹಾರ! ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಆ ಬೆಳಿಗ್ಗೆ ಹುಡುಗರು ಬಟ್ಟೆಗೆಂದು ಹೋದರೆ, ಅತ್ತೆ ಖಾಕಿಯ ಗಂಟನ್ನು ಜಗುಲಿಯ ಮೇಲಿಟ್ಟು ಅದರ ಮೇಲೇ ಕೂತಿದ್ದರು.

"ಜನ ಮನೆಗೆ ಹೋಗೋ ತನಕ ಏಳಲ್ಲ ಅಂತ ಮಾತು ಕೊಟ್ಟೋನಿಗೆ ಬಟ್ಟೆ. ಬಾಕಿಯೋರು ಲುಂಗೀಲಿ ಯುದ್ಧ ಮಾಡ್ಲಿ."

ಸಮಿತಿಯವರು ಬೇಡಿದರು, ಬೈದರು, ಗಂಡನಿಲ್ಲದವಳಿಗೆ ಇಷ್ಟು ಜಂಬವೇ ಎಂದು ಮೂಗು ಮುರಿದರು. ಅತ್ತೆ ಜಗ್ಗಲಿಲ್ಲ. ಅತಿಥಿಯ ಕಾರು ಬಂದ ಸದ್ದು ಕೇಳಿದ ಮೇಲೆ ಹುಡುಗರು ಒಬ್ಬೊಬ್ಬರಾಗಿ ಮಾತು ಕೊಟ್ಟು ಬಟ್ಟೆ ತೊಟ್ಟರು.

ಆ ದಿನ ಪಟಾಕಿಯ ಹೊಗೆ ಇಳಿದರೂ ಬಿದ್ದವರು ಏಳಲಿಲ್ಲ. ಅತಿಥಿ ಹಾರ ಹಿಡಿದು ನಿಂತೇ ಇದ್ದರು. ಚಪ್ಪಾಳೆ ತಟ್ಟಲು ಯಾರಿಗೂ ಕೈ ಬರಲಿಲ್ಲ. ಅತ್ತೆ ಹೋಗಿ ಬಿದ್ದವರ ಪಕ್ಕ, ಮಣ್ಣಿನಲ್ಲೇ ಕೂತರು. ಗಂಡ ಸತ್ತಾಗ ಅವರ ಹೆಣದ ಪಕ್ಕ ಕೂರಲು ಸಿಗದ ಜಾಗ ಅದು... ಅವರು ಅಳಲಿಲ್ಲ. ಒಬ್ಬನ ಮುಖದ ಮೇಲಿನ ನೊಣ ಓಡಿಸುತ್ತಾ ಕೂತಿದ್ದರು. ಜನ ಸದ್ದಿಲ್ಲದೆ ಚದುರಿದರು. ಅಂದಿನಿಂದ ಅದೇ ಪದ್ಧತಿಯಾಯಿತು.

ಕಳೆದ ಆಡಿ ಮಾಸದಲ್ಲಿ ಅತ್ತೆ ತೀರಿಕೊಂಡರು; ಖಾಕಿಗೆ ಗಂಜಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಇವತ್ತು ಬೆಳಿಗ್ಗೆ ಬಟ್ಟೆಗೆ ಬಂದ ಹುಡುಗರಲ್ಲಿ ಒಬ್ಬ, ಈಗಿನ ತಂಡದ ಮುಖಂಡ, ಮೆಲ್ಲಗೆ ರಾಗ ತೆಗೆದ: "ಅಕ್ಕಾ, ಅತ್ತೇನೇ ಇಲ್ಲ. ಈ ವರ್ಷ ಎದ್ದ್ರೆ ಯಾರು ಕೇಳ್ತಾರೆ?"

ನಾನು ಖಾಕಿಯ ಗಂಟನ್ನು ನಮ್ಮ ಜಗುಲಿಯ ಮೇಲಿಟ್ಟು ಅದರ ಮೇಲೆ ಕೂತೆ.

"ನಾನ್ ಕೇಳ್ತೀನಿ. ಮೊದ್ಲು ಮಾತು ಕೊಡು."

ಕೊಟ್ಟ. ಎಲ್ಲರೂ ಕೊಟ್ಟರು. ಮೈದಾನದಲ್ಲಿ ಹೊಗೆ ಇಳಿದ ಮೇಲೆ, ಬಿದ್ದವರ ಬಳಿಗೆ ನಾನೇ ಹೋದೆ. ಅತ್ತೆ ಕೂರುತ್ತಿದ್ದ ಜಾಗವನ್ನು ಖಾಲಿ ಬಿಟ್ಟು, ಅದರ ಪಕ್ಕದಲ್ಲಿ ಕೂತೆ.