ಬೇರೆ ಮನೆಯ ಲೆನ್ಸ್

ಕರ್... ಕರ್... ಹಲ್ಲಿಗೆ ಸಣ್ಣ ಉಸುಕು ಸಿಕ್ಕಂಥ ಸದ್ದು. ಸಿಂದಗಿಯ ಸ್ಟುಡಿಯೋದವರು ಹಳೆಯ ಝೂಮ್ ಲೆನ್ಸೊಂದನ್ನು ಕಿವಿಗೆ ಹಿಡಿದು, ಅದರ ಬಳೆಯನ್ನು ಮೆಲ್ಲಗೆ ತಿರುಗಿಸಿ, ಆಮೇಲೆ ನನ್ನ ಕಿವಿಗೂ ತಂದರು.

"ಕೇಳ್ರಿ ಬಾಯಾರ. ಒಳಗ ಉಸುಕು ಹೊಕ್ಕೈತಿ."

ಜೀವಮಾನವಿಡೀ ಸಂತೆಯಲ್ಲಿ ಗಡಿಗೆ ಬಡಿದು ನೋಡಿ ಕೊಂಡವಳು ನಾನು. ಲೆನ್ಸನ್ನೂ ಕಿವಿಯಿಂದ ಆರಿಸಬಹುದೆಂದು ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಹೇಳಿಕೊಟ್ಟಿರಲಿಲ್ಲ.

ನಮ್ಮೂರು ಇಂಡಿಯಿಂದ ಅಷ್ಟು ದೂರ ಬಸ್ಸಿನಲ್ಲಿ ಹೋದದ್ದು ಅಕ್ಕನ ಸಲುವಾಗಿ. ಬಸವನ ಬಾಗೇವಾಡಿಯಲ್ಲಿರುವ ಅವಳಿಗೆ ಎಂಬತ್ತು ದಾಟಿದೆ. ಮಾತಿಗಿಂತ ಮುಂಚೆ ನಗುವವಳು. ಕ್ಯಾಮೆರಾ ಕಂಡರೆ ಮಾತ್ರ ಸೆರಗೆಳೆದುಕೊಂಡು ಆಧಾರ್ ಕಾರ್ಡಿನ ಮುಖ ಮಾಡುತ್ತಾಳೆ. ಹೋಪ್‌ಲೆಸ್! ಒಂದು ದಿನ ಫೋನಿನಲ್ಲಿ, "ಮರಿಮೊಮ್ಮಗಳು ಕೇಳ್ತಾಳ, ಎಲ್ಲಾ ಫೋಟೋದಾಗ ಯಾರಿಗೆ ಬೈಯಾಕತ್ತೀ ಅಂತ. ನಾ ಹೋದ ಮ್ಯಾಲೆ ಆ ಕೂಸು ನನ್ನ ಸಿಟ್ಟಿನ ಮುದುಕಿ ಅಂತನ ತಿಳ್ಕೋತದ. ನಗೋದೊಂದು ತಗದು ಕೊಡ," ಎಂದಳು. ಧ್ವನಿಯಲ್ಲಿ ತಮಾಷೆ ಕಡಿಮೆಯಿತ್ತು.

ಮೊಬೈಲಿನಲ್ಲಿ ತೆಗೆದರೆ ನೋಡಿದ ಕೂಡಲೇ "ಅಳಸು" ಎನ್ನುತ್ತಾಳೆ. ಫಿಲ್ಮ್ ಅಳಿಸಲು ಬರುವುದಿಲ್ಲ. ಹೊಸದಾಗಿ ಟೀಚರ್ ಆದಾಗ ಕೊಂಡ ಕ್ಯಾಮೆರಾ ಅಲಮಾರಿಯಿಂದ ಹೊರಗೆ ಬಂತು. ಇನ್ನು ದೂರದಿಂದಲೇ, ಅವಳಿಗೆ ಗೊತ್ತಾಗದಂತೆ ತೆಗೆಯಲು ಒಂದು ಝೂಮ್ ಸಿಕ್ಕರೆ ಸಾಕಿತ್ತು.

ಸ್ಟುಡಿಯೋದಲ್ಲಿ ನನ್ನ ಕ್ಯಾಮೆರಾ ಕಂಪನಿಯ ಲೆನ್ಸ್ ಇರಲಿಲ್ಲ. ಅದಕ್ಕೆ ಕೂಡುವಂಥವು ಇದ್ದದ್ದು ಬೇರೆ ಕಂಪನಿಯವು ಎರಡು.

"ಅಂದ್ರ ಡುಪ್ಲಿಕೇಟ್ ಏನ್ರಿ?"

"ಛೇ, ಸೊಸಿ ಅನ್ರಿ. ಬ್ಯಾರೆ ಮನ್ಯಾಗ ಹುಟ್ಟ್ಯಾಳ, ಈ ಮನಿಗೆ ಹೊಂದ್ಕೋತಾಳ."

"ಹೊಂದ್ಕೊಳ್ಳಾಕ ಯಾವಾಗ್ಲೂ ಸೊಸೀನ ಬೇಕೇನ್ರಿ ನಿಮಗ?"

ಉಸುಕು ಹೊಕ್ಕದ್ದು ಉದ್ದನೆಯದು. ರಸ್ತೆಯಾಚೆ ಕೂತ ಬಾಳೆಹಣ್ಣಿನವಳ ಮೂಗುತಿಯನ್ನೇ ಎಳೆದು ತರುತ್ತಿತ್ತು. ನನ್ನ ಮನಸ್ಸೆಲ್ಲ ಅದರ ಮೇಲೆಯೇ. ಆದರೆ ವ್ಯೂಫೈಂಡರಿಗೆ ಕಣ್ಣಿಟ್ಟರೆ ಒಳಗೆ ಮುಸ್ಸಂಜೆ. ಫೋಕಸ್ ಆಗಲು ನಡುವಿನ ವೃತ್ತದ ಎರಡು ಅರ್ಧಗಳು ಕೂಡಬೇಕು. ಒಂದರ್ಧ ಪೂರಾ ಕಪ್ಪು. ಆಪರೇಷನ್ ಆದ ನನ್ನ ಕಣ್ಣಿಗೆ ಅದು ಸಾಗದು. ಗಿಡ್ಡ ಲೆನ್ಸಿನಲ್ಲಿ ಎಲ್ಲ ಬೆಳಕು, ಬಳೆ ತಿರುಗಿಸಿದರೆ ಸದ್ದೇ ಇಲ್ಲ. ಆದರೆ ಅದಕ್ಕೆ ಅಕ್ಕನ ಎದುರೇ ಹೋಗಿ ನಿಲ್ಲಬೇಕು.

"ಹತ್ತಿರ ಹೋದ್ರ ಮಾರಿ ಗಂಟ ಹಾಕ್ತಾರಂದ್ರಲ್ಲ?" ಎಂದರು ಅವರು.

"ಕದ್ದು ತಗಿಯೋದಕ್ಕಿಂತ ಬೈಸ್ಕೊಂಡು ತಗಿಯೋದು ಚಲೋ ಬಿಡ್ರಿ," ಎಂದು ಗಿಡ್ಡದನ್ನೇ ಕೊಂಡು ಬಾಗೇವಾಡಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ತಪ್ಪು ಮಾಡಿದೆನೇನೋ ಎಂಬ ಡೌಟ್.

ಅಕ್ಕ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಕ್ಯಾಮೆರಾ ಎತ್ತಿದೆ, ಆಫ್‌ಕೋರ್ಸ್, ಸೆರಗು ಬಂತು, ಮುಖ ಗಂಟಾಯಿತು. ಇತ್ತ ನನ್ನದೂ ಪೇಚಾಟ: ನನ್ನ ಹಳೆಯ ಲೆನ್ಸ್ ಎಡಕ್ಕೆ ತಿರುಗಿದರೆ ಇದು ಬಲಕ್ಕೆ. ಕೈ ಹಳೆಯ ರೂಢಿ ಬಿಡದು. ಫೋಕಸ್ ಮಾಡಹೋದಷ್ಟೂ ಅಕ್ಕ ಮಸುಕಾದಳು.

"ಏನಾತ?"

"ಹೊಸಾ ಲೆನ್ಸ್, ಬ್ಯಾರೆ ಕಂಪನೀದು. ಅಂಗಡಿಯವ್ರು ಸೊಸಿ ಅಂತ ಕೊಟ್ಟಾರ. ನಾ ಹಿಂಗ ಅಂದ್ರ ಹಂಗ ತಿರಗತಾಳ."

ಮೂವರು ಸೊಸೆಯರ ಅತ್ತೆ ಅವಳು. "ಹೌದಾ? ಅನುಭವಸು ಇನ್ನ, ಅತ್ತಿ!" ಎಂದು ಸೆರಗು ಜಾರುವಂತೆ ನಕ್ಕಳು. ಅಷ್ಟರಲ್ಲಿ ಎರಡು ಅರ್ಧಗಳು ಕೂಡಿದ್ದವು. ಒತ್ತಿಬಿಟ್ಟೆ.

ಫಿಲ್ಮು ಕೊರಿಯರಿನಲ್ಲಿ ಪುಣೆಗೆ ಹೋಗಿ, ಪ್ರಿಂಟಾಗಿ ಬರುವತನಕ ನನಗೆ ಪರೀಕ್ಷೆಯ ರಿಸಲ್ಟ್ ಕಾಯ್ದ ಹಾಗಾಯಿತು. ಬಂದದ್ದು ಎಷ್ಟು ಶಾರ್ಪ್ ಎಂದರೆ, ಅವಳ ಮಡಿಲಲ್ಲಿದ್ದ ಶೇಂಗಾ ಸಿಪ್ಪೆಯೂ ಕಾಣುತ್ತಿತ್ತು.

ಅಕ್ಕನನ್ನು ನಾನು ಮತ್ತೆ ನೋಡಿದ್ದು ಮೊನ್ನೆ ಸೋಮವಾರ, ಆ ಫೋಟೋ ಕೊಡಲು ಹೋದಾಗ. ಅದನ್ನು ಮರಿಮೊಮ್ಮಗಳ ಮುಂದೆ ಹಿಡಿದು ಕೇಳಿದಳು: "ಈಗ ಹೇಳು, ಯಾರಿಗೆ ಬೈಯಾಕತ್ತೇನಿ?"

ಕೂಸು ಬಹಳ ಹೊತ್ತು ನೋಡಿತು. "ಯಾರಿಗೂ ಇಲ್ಲ. ಆದ್ರ ನಿನಗ ಹಲ್ಲಽ ಇಲ್ಲ!"

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು, ಗೋಡೆ ಹಿಡಿದುಕೊಂಡು ನಕ್ಕಳು. ಕ್ಯಾಮೆರಾ ಮಾತ್ರ ಇಂಡಿಯ ನನ್ನ ಮನೆಯಲ್ಲೇ ಉಳಿದಿತ್ತು.