ಅವ್ವನ ಎಡಗೈಯ ಮೇಲ್ಮನವಿ

ಅವ್ವನಿಗೆ ಲಕ್ವಾ ಹೊಡೆದದ್ದು ರೊಟ್ಟಿ ಬಡಿಯುತ್ತಿದ್ದಾಗ. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಹೊರಗೆ ಬಂದದ್ದರಿಂದ ಪಕ್ಕದ ಮನೆಯ ಕಾಕೂ ಓಡಿ ಬಂದು ನೋಡಿದರು. ನಾನು ಆಗ ಬೆಳಗಾವಿಯ ಆಟೋ ನಗರದಲ್ಲಿ, ವಾಹನಗಳ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯೊಂದರ ಲೆಕ್ಕಪತ್ರದ ಕೋಣೆಯಲ್ಲಿದ್ದೆ. ಖಾನಾಪುರದಿಂದ ದಿನಾ ಹೋಗಿ ಬರುವ ಕೆಲಸ. ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವ್ವ ಕಣ್ಣು ಬಿಟ್ಟಿದ್ದಳು. ಜೀವ ಉಳಿಯಿತು, ಮಾತು ಉಳಿಯಿತು. ಎಡಗಾಲು ಎಳೆಯತೊಡಗಿತು. ಎಡಗೈ ಮೊಣಕೈಯಲ್ಲಿ ಮಡಚಿ, ಬೆರಳುಗಳು ಒಳಕ್ಕೆ ಮುಚ್ಚಿಕೊಂಡು, ಎದೆಯ ಹತ್ತಿರ ನಿಂತುಬಿಟ್ಟಿತು.

ರೊಟ್ಟಿ ಬಡಿಯುವುದು ಬಲಗೈಯ ಕೆಲಸ ಎಂದು ನೋಡುವವರಿಗೆ ಅನ್ನಿಸುತ್ತದೆ. ಅದನ್ನು ಸುತ್ತ ತಿರುಗಿಸುತ್ತ ಹೋಗುವುದು ಎಡಗೈ. ಅದಿಲ್ಲದಿದ್ದರೆ ರೊಟ್ಟಿ ಒಂದೇ ಕಡೆ ತೆಳ್ಳಗಾಗಿ ಹರಿಯುತ್ತದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಬಸ್ ನಿಲ್ದಾಣದ ಬಳಿಯ ಖಾನಾವಳಿಗೆ ರೊಟ್ಟಿ ಕೊಟ್ಟು ಮಗಳಾದ ನನ್ನನ್ನು ಎಂ.ಕಾಂ. ತನಕ ಓದಿಸಿದ್ದಳು. ಖಾನಾವಳಿಯವರು ಕೆಲವು ವಾರ ಕಾದರು, ಆಮೇಲೆ ಬೇರೆಯವರಿಗೆ ಹೇಳಿದರು. ಅದರಲ್ಲಿ ಅವರ ತಪ್ಪಿಲ್ಲ.

ಅಂಗವಿಕಲರ ಪಿಂಚಣಿಯ ಮಾತು ಮೊದಲು ತೆಗೆದದ್ದು ಕಾಕೂ. ಅವ್ವ ಕೇಳಿದ್ದು ಒಂದೇ ಪ್ರಶ್ನೆ.

"ನನ್ನ ಹೆಸರಿಲೆ ಬರತೈತೇನ?"

"ಮತ್ತ ನನ್ನ ಹೆಸರಿಲೆ ಬರತೈತೇನ ಗ ಬಾಯಿ? ನಿನ್ನ ಖಾತೇಕ್ಕ ಬರತೈತಿ," ಎಂದರು ಕಾಕೂ.

"ಹಂಗಾದ್ರ ಮಾಡೂಣು," ಎಂದಳು ಅವ್ವ.

ಪಿಂಚಣಿ ಸಿಗಬೇಕಾದರೆ ಬೆಳಗಾವಿಯಲ್ಲಿ ವೈದ್ಯರ ಮಂಡಳಿಯ ಮುಂದೆ ಹಾಜರಾಗಬೇಕು. ಅವರು ಪರೀಕ್ಷಿಸಿ ಅಂಗವೈಕಲ್ಯ ಶೇಕಡಾ ಇಷ್ಟು ಎಂದು ಬರೆದುಕೊಡುತ್ತಾರೆ. ನಲವತ್ತಕ್ಕಿಂತ ಕಡಿಮೆ ಬಂದರೆ ಏನೂ ಇಲ್ಲ. ತಾಲೂಕಿನ ಸೇವಾ ಕೇಂದ್ರದಲ್ಲಿ ಅರ್ಜಿ ತುಂಬಿಸಿದೆವು. ಕರೆ ಬರುವ ಹೊತ್ತಿಗೆ ಬೇಸಿಗೆ ಮುಗಿಯುತ್ತ ಬಂದಿತ್ತು.

ಈ ನಡುವೆ ನಮ್ಮ ಮನೆಯಲ್ಲಿ ಒಂದು ರೂಢಿ ಬೆಳೆದಿತ್ತು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸುವುದು ನಮ್ಮ ಪದ್ಧತಿ. ಲಕ್ವಾ ಹೊಡೆದ ಮೇಲೆ ಅವ್ವನ ಅಂಗೈ ತಾನಾಗಿ ತೆರೆಯುತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದ ಮರುದಿನವೇ ಅವಳು ಬಲಗೈಯಿಂದ ಎಡಗೈಯನ್ನು ಹಿಡಿದು ನನ್ನ ಕಡೆ ಸರಿಸಿದಳು. ನಾನು ಬಿಸಿನೀರಲ್ಲಿ ಬಟ್ಟೆ ಅದ್ದಿ ಸುತ್ತಿ, ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳು ಬಿಡಿಸಿದೆ. ಕೆಳಗಿನಿಂದ ನನ್ನ ಎರಡೂ ಕೈಯಿಂದ ಅವಳ ಅಂಗೈಯನ್ನು ಚಪ್ಪಟೆಯಾಗಿ ಹಿಡಿದುಕೊಂಡೆ. ಅವಳು ಬಲಗೈಯಿಂದ ಕುತ್ತಿಗೆಯ ಕರಡಿಗೆ ತೆರೆದು ಒಳಗಿನ ಲಿಂಗವನ್ನು ಇಟ್ಟುಕೊಂಡು, ನೀರೆರೆದು, ವಿಭೂತಿ ಹಚ್ಚಿ, ನೋಡುತ್ತ ಕುಳಿತಳು. ಅಂದಿನಿಂದ ದಿನಾ ಹಾಗೆಯೇ. ಆ ಹೊತ್ತು ನಾವಿಬ್ಬರೂ ಮಾತಾಡುತ್ತಿರಲಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಕಾಕೂಗೂ.

ಮಂಡಳಿಯ ದಿನ ಅವ್ವ ಕಾಕೂನಿಂದ ತಲೆ ಬಾಚಿಸಿಕೊಂಡು, ಮದುವೆಗೆ ಹೋಗುವಾಗ ಉಡುವ ಇಳಕಲ್ ಸೀರೆ ಉಟ್ಟಳು. ಉಟ್ಟಳು ಎಂದರೆ ನಾನು ಉಡಿಸಿದೆ. ಸೆರಗನ್ನು ಎಡಭುಜದ ಮೇಲಿಂದ ಎಳೆದು ಕೈ ಪೂರ್ತಿ ಮುಚ್ಚುವಂತೆ ಹೊದ್ದಳು. ಸರದಿಯಲ್ಲಿ ನಮ್ಮ ಮುಂದೆ ಒಂದು ಕಾಲಿಲ್ಲದ ಗಂಡಸು ಊರುಗೋಲು ಇಟ್ಟುಕೊಂಡು ಕುಳಿತಿದ್ದ. ಅವ್ವನನ್ನು ಮೇಲಿಂದ ಕೆಳಗೆ ನೋಡಿ, "ಏನ್ರಿ ಅಕ್ಕಾರ, ಬೀಗರ ಮನಿಗಿ ಹೊಂಟೀರೇನ್ರಿ? ಇಷ್ಟ ಚಂದ ಬಂದ್ರ ಒಳಗಿನವ್ರು ಚಾ ಕುಡಿಸಿ ಕಳಸ್ತಾರ್ರಿ," ಎಂದ.

"ಹರಕ ಸೀರಿ ಉಟ್ಕೊಂಡು ಬರ್ಬೇಕಿತ್ತೇನ್ರಿ, ಬೇಡಾಕ ಬಂದಾರಂಗ?"

"ಬೇಡಾಕ ಬಂದೀವಲ್ರಿ ಮತ್ತ! ನಂದ ನೋಡ್ರಿ, ಕಾಲ ಇಲ್ಲ. ಹೋದ ಸಲ ಕೇಳ್ಯಾರ, ಯಾವಾಗಿಂದ ನೋಯಾಕತ್ತೈತಿ ಅಂತ."

ಅವ್ವ ನಕ್ಕಳು. ನಮ್ಮ ಹೆಸರು ಕೂಗಿದಾಗ ಬಾಗಿಲಲ್ಲಿ, ಊರಿಕೊಂಡು ಬಂದಿದ್ದ ಬಡಿಗೆಯನ್ನು ನನ್ನ ಕೈಗೆ ಕೊಟ್ಟಳು.

"ಹಿಡ್ಕೋ ಅವ್ವಾ," ಎಂದು ನಾನು ತಿರುಗಿ ಕೊಡಹೋದೆ.

"ದೊಡ್ಡವರ ಮುಂದ ಬಡಿಗಿ ಊರ್ಕೊಂತ ಹೋದ್ರ ಛಲೋ ಕಾಣೂದಿಲ್ಲ. ಸುಮ್ಮನಿರು."

ಒಳಗಿದ್ದ ವೈದ್ಯರು ಒಳ್ಳೆಯವರು. ಎದ್ದು ಕುರ್ಚಿ ಸರಿಸಿ, "ಬರ್ರಿ ಅವ್ವಾರ, ಕುಂದರ್ರಿ," ಎಂದರು. ಅಷ್ಟು ಮರ್ಯಾದೆ ಕೊಟ್ಟದ್ದರಿಂದಲೇ ಅವ್ವ ಇನ್ನೂ ನೆಟ್ಟಗಾದಳು. ಕೈ ಎತ್ತಿರಿ ಎಂದಾಗ ಹಲ್ಲು ಕಚ್ಚಿ ಭುಜವನ್ನೇ ಎತ್ತಿದಳು. ಮನೆಯಲ್ಲಿ ಏನೇನು ಮಾಡುತ್ತೀರಿ ಎಂದು ಅವರು ಕೇಳಿದರು.

"ಎಲ್ಲಾ ಮಾಡ್ತೀನ್ರಿ."

"ಅಡಗಿ?"

"ಮಾಡ್ತೀನ್ರಿ."

"ಸ್ನಾನ, ಪೂಜಿ? ಲಿಂಗಾ ಹಿಡ್ಯಾಕ ಬರತೈತಿ ಕೈಯಾಗ?"

"ದಿನಾ ಪೂಜಿ ಆಗದ ನೀರ ಸುದ್ದಾ ಮುಟ್ಟೂದಿಲ್ರಿ."

ನಾನು ಬಾಯಿ ತೆರೆದೆ. "ಸರ್, ಅದು ಹಾಗಲ್ಲ," ಎನ್ನುವಷ್ಟರಲ್ಲಿ ಅವ್ವ ನನ್ನ ಕಡೆ ನೋಡಿದಳು. ವೈದ್ಯರು, "ಇರ್ಲಿ, ಅವರ ಹೇಳ್ಲಿ," ಎಂದು ಬರೆದುಕೊಂಡರು. ತಾನು ಸುಳ್ಳು ಹೇಳುತ್ತಿದ್ದೇನೆ ಎಂದು ಅವ್ವ ಅಂದುಕೊಂಡಿರಲಿಲ್ಲ. ಪರರ ಮನೆಗೆ ಹೋದಾಗ ಊಟ ಆಯಿತೇ ಎಂದು ಕೇಳಿದರೆ, ಆಗಿರದಿದ್ದರೂ ಆಯಿತು ಎನ್ನುವುದು ಅವಳಿಗೆ ಚಿಕ್ಕಂದಿನಿಂದ ಕಲಿಸಿದ ನಡತೆ. ಅದೇ ನಡತೆಯಿಂದ ಅವಳು ಆ ಕೋಣೆಯಲ್ಲೂ ಉತ್ತರ ಕೊಟ್ಟಳು.

ಶೇಕಡಾ ಮೂವತ್ತು ಎಂದು ಬಂತು.

ನಾನು ಅದನ್ನು ಓದಿ ಹೇಳಿದಾಗ ಅವ್ವ, "ಅಂದ್ರ ಎಪ್ಪತ್ತು ಛಲೋನ ಐತಿ," ಎಂದಳು. ಸಂಜೆ ಕಾಕೂಗೂ ಹಾಗೆಯೇ ಹೇಳುವುದು ಕೇಳಿಸಿತು. "ಡಾಕ್ಟರ ಬರದ ಕೊಟ್ಟಾರ, ಅಷ್ಟೇನ ಇಲ್ಲಂತ." ಕಾಕೂ, "ಹಂಗಾದ್ರ ನಾಳಿಂದ ನಮ್ಮ ಮನೀದೂ ರೊಟ್ಟಿ ಬಡಿ," ಎಂದು ಚೇಷ್ಟೆ ಮಾಡಿದರು. ಅವ್ವ ನಗುತ್ತಿದ್ದಳು. ಪಿಂಚಣಿ ಹೋಯಿತೆಂಬ ದುಃಖಕ್ಕಿಂತ ಬೇರೆ ಏನೋ ಅವಳ ಮುಖದಲ್ಲಿತ್ತು. ಅದನ್ನು ಕೆಡಿಸುವ ಮನಸ್ಸು ನನಗೆ ಬರಲಿಲ್ಲ. ಮೇಲ್ಮನವಿಯ ಮಾತು ಎತ್ತಲಿಲ್ಲ.

ಎತ್ತಬೇಕಾಗಿ ಬಂದದ್ದು ಗುಳಿಗೆಗಳಿಂದ. ರಕ್ತದೊತ್ತಡದ ಗುಳಿಗೆ ತಿಂಗಳಾದರೂ ಮುಗಿಯಲಿಲ್ಲವಲ್ಲ ಎಂದು ಡಬ್ಬಿ ತೆರೆದು ನೋಡಿದರೆ ಎಲ್ಲ ಅರ್ಧರ್ಧ. ಒಂದು ಕೈಯಲ್ಲಿ ಮುರಿಯಲಾಗದೆ ಹಲ್ಲಲ್ಲಿ ಕಡಿದು ಅರ್ಧ ಮಾಡಿದ್ದಳು. ಗುಳಿಗೆಯ ಮೇಲೆ ಹಲ್ಲಿನ ಗುರುತಿತ್ತು.

"ಯಾಕ ಹಿಂಗ ಮಾಡಿದಿ?"

ಅವಳು ಗೋಡೆಯ ಕಡೆ ನೋಡಿದಳು. "ಎಷ್ಟ ಸಲ ನಿನ್ನ ಮುಂದ ಕೈ ಒಡ್ಡಲಿ?"

ನಾನು ಒಮ್ಮೆಯೂ ಇಲ್ಲ ಎಂದವಳಲ್ಲ. ಆದರೆ ಇಲ್ಲ ಎನ್ನದಿರುವುದು ಅವಳಿಗೆ ಸಾಕಾಗುತ್ತಿರಲಿಲ್ಲ. ಅವಳಿಗೆ ಬೇಕಾದದ್ದು ಕೇಳದೆ ಬರುವ ಹಣ. ಹೀಗೆ ಅರ್ಧ ಗುಳಿಗೆಯಲ್ಲಿ ನಡೆದರೆ ಎರಡನೆಯ ಸಲ ಹೊಡೆಯುತ್ತದೆ, ಆಗ ಮಾತೂ ಉಳಿಯುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಮೊದಲೇ ಹೇಳಿದ್ದರು. ಅಂದೇ ಮೇಲ್ಮನವಿ ಬರೆಯಲು ಕುಳಿತೆ.

ಏನೇನು ಆಗುವುದಿಲ್ಲ ಎಂದು ಬರೆಯಬೇಕಿತ್ತು. ಸೀರೆ ಉಡಲು, ಜಡೆ ಹೆಣೆಯಲು, ಬಚ್ಚಲಲ್ಲಿ ಎದ್ದು ನಿಲ್ಲಲು, ಕುದಿಯುವ ಪಾತ್ರೆ ಇಳಿಸಲು. ಸಹಿ ಮಾಡುವ ಮೊದಲು ಅವ್ವ ಓದು ಎಂದಳು. ಓದಿದೆ. ಇನ್ಯಾರದೋ ಸುದ್ದಿ ಕೇಳುವಂತೆ ಕೇಳಿದಳು. ಪೂಜೆಯ ಸಾಲು ಬಂದಾಗ ಕೈ ಅಡ್ಡ ಹಿಡಿದಳು.

"ಅದೊಂದ ಬರೀಬ್ಯಾಡ."

"ಅವ್ವಾ, ಹೋದ ಸಲ ಅದರ ಮ್ಯಾಲಿಂದನ ಕಮ್ಮಿ ಕೊಟ್ಟಾರ."

"ಉಳದಿದ್ದೆಲ್ಲಾ ಬರಕೊ. ಅದೊಂದ ಬ್ಯಾಡ."

ಆ ಸಾಲು ತೆಗೆದು ಮತ್ತೆ ಶುದ್ಧಪ್ರತಿ ಮಾಡಿದೆ. ಅವಳು ಬಲಗೈಯಿಂದ ಸಹಿ ಮಾಡಿದಳು.

ಎರಡನೆಯ ಮಂಡಳಿ ಕರೆದದ್ದು ಮಳೆಗಾಲ ಹಿಡಿದ ಮೇಲೆ. ಈ ಸಲ ಅವ್ವ ಮನೆಯಲ್ಲಿ ಉಡುವ ಹತ್ತಿ ಸೀರೆಯಲ್ಲೇ ಹೊರಟಳು. ಬಡಿಗೆ ಬಿಡಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಗಾಜು ಇಳಿಯದೆ ಮಳೆ ಒಳಗೆ ಹೊಡೆಯುತ್ತಿತ್ತು.

ಈ ಸಲ ಇದ್ದವರು ಹಿರಿಯ ವೈದ್ಯೆ. ಹಳೆಯ ವರದಿಯನ್ನೂ ನಮ್ಮ ಮನವಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ನಿಧಾನವಾಗಿ ಓದಿದರು.

"ಇದರಲ್ಲಿ ಸೀರೆ ಉಡಲು ಬರುವುದಿಲ್ಲ ಅಂತ ಇದೆ. ಅದರಲ್ಲಿ ದಿನಾ ಲಿಂಗಪೂಜೆ ಮಾಡಿಕೊಳ್ಳುತ್ತಾರೆ, ಎಡಗೈ ಹಿಡಿತ ಇದೆ ಅಂತ ಬರೆದಿದ್ದಾರೆ. ಯಾವುದು ಖರೆ?"

ನಾನು ಹೇಳಲು ಹೊರಟೆ. ಅವರು ಬೆರಳೆತ್ತಿ ತಡೆದರು.

"ನೀವಲ್ಲ. ಅಮ್ಮ, ನೀವು ಹೇಳಿ. ಕೈಯಲ್ಲಿ ಹಿಡೀತೀರಾ?"

ಅವ್ವ ಕುತ್ತಿಗೆಯ ಕರಡಿಗೆಯನ್ನು ಬಲಗೈಯಿಂದ ಮುಟ್ಟಿಕೊಂಡಳು. ಹೊರಗಿನ ಸಾಲಿನಲ್ಲಿ ಯಾರೋ ಕೂಸನ್ನು ಗದರಿಸುತ್ತಿದ್ದರು. ಅವಳು ನನ್ನನ್ನು ನೋಡಲಿಲ್ಲ.

"ನಾ ಹಿಡ್ಯೂದಿಲ್ರಿ," ಎಂದಳು. "ಅಕಿ ಹಿಡೀತಾಳ್ರಿ. ನನ್ನ ಕೈ ಬರೇ ಮ್ಯಾಲ ಇರತೈತಿ."

ವೈದ್ಯೆ ಸೆರಗು ಸರಿಸಿ ಎಂದರು. ಅವ್ವ ಸರಿಸಿದಳು. ಮುಚ್ಚಿದ ಮುಷ್ಟಿಯನ್ನು ಅವರು ಮೆಲ್ಲಗೆ ಬಿಡಿಸಲು ನೋಡಿದರು. ಅವರಿಗೆ ರೂಢಿ ಇರಲಿಲ್ಲ, ಹೆಬ್ಬೆರಳಿನಿಂದ ಶುರುಮಾಡಿದರು. ಅವ್ವನಿಗೆ ನೋವಾಯಿತು. ಆದರೆ ಅವಳು ಮುಖದಲ್ಲಿ ತೋರಿಸಿಕೊಳ್ಳಲಿಲ್ಲ. ಬಿಡಿಸಿದ ಅಂಗೈಯ ಮೇಲೆ ವೈದ್ಯೆ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದ ಗಾಜಿನ ಗುಂಡೊಂದನ್ನು ಇಟ್ಟು ಕೈ ಬಿಟ್ಟರು. ಅದು ಉರುಳಿ ನೆಲಕ್ಕೆ ಬಿತ್ತು. ನಾನು ಎತ್ತಿ ಮೇಜಿನ ಮೇಲಿಟ್ಟೆ.

ಪ್ರಮಾಣಪತ್ರ ಬಂದಾಗ ಅದರಲ್ಲಿ ಶೇಕಡಾ ಅರವತ್ತು ಎಂದಿತ್ತು. ಕೆಳಗೆ, ಸ್ಥಿತಿ ಕಾಯಂ, ಸುಧಾರಿಸುವ ಸಂಭವವಿಲ್ಲ ಎಂದಿತ್ತು. ಅವ್ವ ಪೂರ್ತಿ ಓದು ಎಂದು ಹಟ ಹಿಡಿದಳು.

"ಕಾಯಂ ಅಂದ್ರ?"

"ಮತ್ತ ಮತ್ತ ತೋರ್ಸಾಕ ಹೋಗೂದು ಬ್ಯಾಡ ಅಂತ."

"ಅಷ್ಟನ?"

"ಅಷ್ಟ."

ಅವಳು ತಲೆಯಾಡಿಸಿದಳು. ಕಾಕೂ ಸಕ್ಕರೆ ತಂದು ಅವಳ ಬಾಯಿಗೆ ಹಾಕಿ, "ಗೆದ್ದಿ ನೋಡ ಬಾಯಿ," ಎಂದರು. ಮೊದಲಿನ ಕಾಗದ ಬಂದ ದಿನ ನಕ್ಕಂತೆ ಅವ್ವ ಈ ದಿನ ನಗಲಿಲ್ಲ.

ಮರುದಿನ ಬೆಳಿಗ್ಗೆ ಬಿಸಿನೀರಿನ ಬೋಗುಣಿ, ಬಟ್ಟೆ ತೆಗೆದುಕೊಂಡು ಅವಳೆದುರು ಕುಳಿತೆ. ಕೈ ನನ್ನ ಕಡೆ ಬರಲಿಲ್ಲ.

"ಬ್ಯಾಡ ಬಿಡು," ಎಂದಳು.

"ನೀರ ಆರತೈತಿ ಅವ್ವಾ."

"ಆಗೂದಿಲ್ಲಂತ ಬರದ ಕೊಟ್ಟಾರ. ನಾನೂ ಹೌದಂದ ಬಂದೀನಿ. ಇನ್ನ ಸುಳ್ಳ ಹಿಡಿಯೂದು ಬ್ಯಾಡ."

ನಾನು ಎರಡು ಮೂರು ದಿನ ಹಾಗೆಯೇ ನೀರು ಕಾಯಿಸಿಟ್ಟೆ. ಆಮೇಲೆ ಬಿಟ್ಟೆ.

ಈಗ ಪಿಂಚಣಿ ಅವಳ ಖಾತೆಗೆ ಬರುತ್ತದೆ. ಬಂದ ದಿನ ಕಾಕೂ ಜೊತೆ ಪೇಟೆಗೆ ಹೋಗಿ ಮೊದಲು ಗುಳಿಗೆ ತರುತ್ತಾಳೆ, ಇಡೀ ಗುಳಿಗೆಯನ್ನೇ ನುಂಗುತ್ತಾಳೆ. ಅದಕ್ಕಾಗಿಯೇ ನಾನು ಮನವಿ ಬರೆದದ್ದು. ಲಿಂಗ ಕರಡಿಗೆಯಿಂದ ಹೊರಗೆ ಬರುವುದಿಲ್ಲ. ಮುಂಜಾನೆ ಕರಡಿಗೆಯ ಮೇಲಿಂದಲೇ ವಿಭೂತಿ ಹಚ್ಚಿ, ಹಣೆಗೆ ಒತ್ತಿಕೊಂಡು, ಬಾಗಿಲ ಹೊರಗೆ ನೋಡುತ್ತ ಕೂರುತ್ತಾಳೆ. ಭಾನುವಾರ ಉಗುರು ಕತ್ತರಿಸಲು ನಾನು ಅವಳ ಬೆರಳು ಬಿಡಿಸುತ್ತೇನೆ, ಕಿರುಬೆರಳಿನಿಂದ. ಅಂಗೈ ಬೆವೆತಿರುತ್ತದೆ. ಒರೆಸಿ ಕೈ ತೆಗೆದರೆ ಬೆರಳುಗಳು ಮತ್ತೆ ಮುಚ್ಚಿಕೊಳ್ಳುತ್ತವೆ.